ನಾಗಿಯ ರಕ್ತದಲ್ಲಿ ಮೀನಿಲ್ಲ

"ಬಂಗ್ಡೇ... ತಾರ್ಲೇ..."

ಬೆಳಿಗ್ಗೆ ಹತ್ತರ ಸುಮಾರಿಗೆ ಭಟ್ಕಳದ ಆ ಓಣಿಯಲ್ಲಿ ಈ ಕೂಗು ಎದ್ದರೆ, ಟೇಲರ್ ಅಂಗಡಿಯೊಳಗೆ ರೇಖಾಳ ಕಾಲು ಹೊಲಿಗೆ ಮೆಶಿನ್ನಿನ ಮೇಲೆ ಒಂದು ಗಳಿಗೆ ನಿಂತುಬಿಡುತ್ತಿತ್ತು. ಕೂಗುವವಳು ಅವಳ ಅತ್ತೆ ನಾಗಿ. ಮನೆಯಿಂದ ಹೊರಟದ್ದು ಬೇರೆ ಬೇರೆ ಹೊತ್ತಿಗಾದರೂ ದಿನಕ್ಕೊಮ್ಮೆ ಇಬ್ಬರೂ ಹೀಗೆ ಪೇಟೆಯಲ್ಲಿ ಭೇಟಿಯಾಗುತ್ತಿದ್ದರು. ಭೇಟಿ ಅಂದರೆ ಮಾತಿಲ್ಲ. ಹೊಸ ಬಟ್ಟೆಗೆ ಮೀನಿನ ವಾಸನೆ ಹತ್ತೀತು ಎಂದು ನಾಗಿ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲೇ ನಿಂತು, ತಲೆಯ ಮೇಲಿನ ಬುಟ್ಟಿ ಅಲುಗದಂತೆ ಬರೀ ಕಣ್ಣನ್ನು ಹೊರಳಿಸಿ, ಸೊಸೆ ಮೆಶಿನ್ನಿನ ಮುಂದೆ ಕೂತಿದ್ದಾಳೆ ಎಂಬುದನ್ನು ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಆ ನೋಟದಲ್ಲಿ ಎಷ್ಟು ಹೆಮ್ಮೆ ಇರುತ್ತಿತ್ತು ಎಂದರೆ, ರೇಖಾಳ ಹೊಲಿಗೆ ಆಮೇಲೆ ಸ್ವಲ್ಪ ಹೊತ್ತು ಇನ್ನೂ ನೇರವಾಗಿ ಓಡುತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ನವರಾತ್ರಿ ಕಳೆದ ಮೇಲೆ ಒಂದು ದಿನ ಕೂಗು ಕೇಳಿದರೂ ರೇಖಾಳ ಕಾಲು ನಿಲ್ಲಲಿಲ್ಲ. ಯಾರೋ ಬೇರೆಯವಳು ಎಂದುಕೊಂಡಿದ್ದಳು. ಗಂಟಲೊಳಗೆ ಕಡಲ ಹೊಯಿಗೆ ಸೇರಿದಂಥ ಒಡಕು ದನಿ. ತಲೆಯೆತ್ತಿ ನೋಡಿದರೆ ರಸ್ತೆಯ ಆಚೆ ಅತ್ತೆಯೇ ನಿಂತಿದ್ದಳು, ಮುಖ ಬಾತುಕೊಂಡಿತ್ತು.

ನಾಗಿಯ ದನಿ ಅಂದರೆ ಹಾಗೆ ಸುಮ್ಮನೆ ಬಂದದ್ದಲ್ಲ. ಗಂಡ ದೇವಪ್ಪ ಕಾಮಾಲೆಯಲ್ಲಿ ತೀರಿಕೊಂಡಾಗ ಮಗ ದಿನಕರನಿಗೆ ನಾಲ್ಕು ವರ್ಷ. ಅಲ್ಲಿಯವರೆಗೆ ತನ್ನೂರು ಬೆಳಕೆಯ ಹೊಳೆ ದಾಟಿ ಒಬ್ಬಳೇ ಎಲ್ಲಿಗೂ ಹೋಗದಿದ್ದ ಹೆಂಗಸು ಮರುತಿಂಗಳೇ ಬುಟ್ಟಿ ಹೊತ್ತು ಭಟ್ಕಳದ ಓಣಿಗಳಲ್ಲಿ ನಿಂತಳು. ಮೊದಲ ದಿನ ಕೂಗಲು ನಾಚಿಕೆಯಾಗಿ, ಬುಟ್ಟಿಯ ಮೀನೆಲ್ಲ ಬುಟ್ಟಿಯಲ್ಲೇ ವಾಪಸು ಬಂದಿತ್ತಂತೆ. ಎರಡನೆಯ ದಿನ ಕೂಗಿದಳು. ವರ್ಷ ಕಳೆಯುವುದರೊಳಗೆ ನವಾಯತ ಮುಸ್ಲಿಮರ ಮನೆಗಳ ಹಿತ್ತಿಲ ಬಾಗಿಲಲ್ಲಿ ನಿಂತು ಅವರ ಮಾತನ್ನೇ ಅವರಿಗಿಂತ ಚುರುಕಾಗಿ ಆಡುವಷ್ಟಾದಳು. ಯಾವ ಮನೆಯ ಅಜ್ಜಿಗೆ ಮುಳ್ಳಿಲ್ಲದ ಮೀನು ಬೇಕು, ಯಾವ ಮಗುವಿಗೆ ಶೆಟ್ಲಿ ಸಿಗಡಿ ತಿಂದರೆ ಮೈ ಕೆರೆಯುತ್ತದೆ, ದುಬೈಯಿಂದ ಯಾರ ಮಗ ಯಾವ ವಾರ ಬರುತ್ತಾನೆ, ಎಲ್ಲ ಅವಳ ತಲೆಯಲ್ಲಿತ್ತು. ಬುಟ್ಟಿಯ ಕೆಳಗಿನ ಆ ತಲೆಯಲ್ಲಿ ಒಂದು ಊರೇ ಕೂತಿತ್ತು ಎನ್ನಬೇಕು.

ದಿನಕರ ಹೊಲಿಗೆ ಕಲಿತ ಹುಡುಗಿಯನ್ನು ಮದುವೆಯಾಗಿ ತಂದಾಗ, ಸೊಸೆಯನ್ನು ಅಂಗಡಿಗೆ ಕಳಿಸುವುದೇ ಎಂದು ಕೇರಿಯವರು ಮೂಗು ಮುರಿದರು. ನಾಗಿ ಹೇಳಿದ್ದು ಇಷ್ಟೇ: "ನಾ ಹೊತ್ತು ದುಡಿದೆ. ಅವ್ಳು ಕೂತು ದುಡೀಲಿ. ನಿಮ್ಗೆ ಎಂತ ಭಾರ?"

ಇಂಥ ನಾಗಿ ಈಗ ಮಧ್ಯಾಹ್ನದ ಬಿಸಿಲಲ್ಲೂ ಚಳಿ ಎನ್ನತೊಡಗಿದಳು. ಪಾದ ಜೋಮು ಹಿಡಿದು, ದಾರಿಯಲ್ಲಿ ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗದೆ ಒಂದು ಫರ್ಲಾಂಗು ನಡೆದುಬಂದಳು. ಅದಕ್ಕೂ ಅವಳು ಜಗ್ಗಲಿಲ್ಲ. ಆದರೆ ಒಂದು ಶುಕ್ರವಾರ, ಇಪ್ಪತ್ತು ವರ್ಷದಿಂದ ಮೀನು ಕೊಡುತ್ತಿದ್ದ ಗಿರಾಕಿಯ ಮನೆಯನ್ನೇ ಮರೆತು ಮುಂದಿನ ತಿರುವಿಗೆ ಹೋಗಿಬಿಟ್ಟಿದ್ದಳು. ಆ ಸಂಜೆ ಅವಳೇ ಸೊಸೆಯ ಹತ್ತಿರ ಬಂದು, "ಹೆಣ್ಣೇ, ನನ್ನ ಯಾವ್ದಾರೂ ಡಾಕ್ಟ್ರ ಹತ್ರ ಕರ್ಕಂಡ್ ಹೋಗು," ಎಂದಳು.

ಹೊನ್ನಾವರದ ಲೇಡಿ ಡಾಕ್ಟರು ಕುತ್ತಿಗೆ ಮುಟ್ಟಿ, ಪಾದಕ್ಕೆ ಹತ್ತಿ ತಾಗಿಸಿ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಅದೇ ರಸ್ತೆಯಲ್ಲಿ ಮಹಾಗಣಪತಿ ಭಟ್ಟರೆಂಬವರ ಲ್ಯಾಬು. ಅವರು ರಕ್ತ ತೆಗೆದು ಮಂಗಳೂರಿಗೆ ಕಳಿಸಿದರು. ನಾಲ್ಕನೆಯ ದಿನ ವರದಿ ಬಂತು.

"ಥೈರಾಯ್ಡ್ ತುಂಬಾ ಮಂದವಾಗಿದೆ," ಎಂದರು ಡಾಕ್ಟರು. "ಅದು ಮಂದವಾದಷ್ಟೂ ಏರುವ ಟಿ.ಎಸ್.ಎಚ್., ಐದರ ಒಳಗಿರಬೇಕಾದ್ದು ನಲವತ್ತೆಂಟಿದೆ. ದನಿ ಒಡೆದದ್ದು, ಚಳಿ, ಮರೆವು, ಎಲ್ಲಾ ಇದರಿಂದಲೇ. ಇದಕ್ಕೆ ಮಾತ್ರೆ ಇದೆ." ಆಮೇಲೆ ಎರಡನೆಯ ಹಾಳೆ ನೋಡಿ ಹುಬ್ಬೇರಿಸಿದರು. "ಬಿ ಹನ್ನೆರಡು ಅಂತ ಒಂದು ವಿಟಮಿನ್ನು. ಅದು ತಳ ಕಂಡಿದೆ. ಪಾದದ ಜೋಮಿಗೆ ಇದು ಕಾರಣ. ಮೀನು, ಮೊಟ್ಟೆ, ಹಾಲಲ್ಲಿ ಇರುವಂಥದ್ದು. ಅಮ್ಮಾ, ನೀವು ಮೀನು ತಿನ್ನುವುದಿಲ್ವಾ?"

ನಾಗಿ ತನ್ನ ಸೆರಗನ್ನು ಅವರತ್ತ ಚಾಚಿದಳು. "ಡಾಕ್ಟ್ರೇ, ನಾ ಒಳಗೆ ಬಂದಾಗ ನಿಮ್ಗೆ ವಾಸ್ನೆ ಬರ್ಲಿಲ್ವಾ?"

ಡಾಕ್ಟರು ಜೋರಾಗಿ ನಕ್ಕರು. ನಾಗಿ ನಗಲಿಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡಿಸುವ ಎಂದು ಬರೆಸಿಕೊಂಡು ನೇರ ಲ್ಯಾಬಿಗೆ ನಡೆದಳು.

"ಭಟ್ರೇ, ಸೀಸೆ ಅದಲು ಬದಲಾಗಿದೆ. ಇದು ನನ್ನ ರಕ್ತ ಅಲ್ಲ. ನಿಮ್ದೇ ಇರ್ಬೇಕು."

"ನಂದು ಹೋದ ತಿಂಗಳಷ್ಟೇ ಮಾಡಿಸಿದ್ದೆ ಮಾರಾಯ್ತಿ," ಎಂದರು ಮಹಾಗಣಪತಿ, ತೋಳಿಗೆ ರಬ್ಬರು ಕಟ್ಟುತ್ತ. "ಸರಿಯಾಗೇ ಇದೆ. ನಾನು ಹಾಲು ಮೊಸರಿನವ."

"ಮೊಸರು ತಿಂದವ್ರ ಮೈಲಿ ಎಲ್ಲಾ ಇದೆ, ಮೀನು ತಿಂದವ್ಳ ಮೈಲಿ ಎಂತೂ ಇಲ್ಲ! ಚಂದ ಆತು!"

ಈ ಮಾತು ಅವಳಿಗೇ ಎಷ್ಟು ರುಚಿಸಿತೆಂದರೆ, ಮಾರನೆಯ ದಿನ ಓಣಿಗಳಿಗೆ ಹೊರಡುವ ಮುಂಚೆ ಮೀನು ಮಾರ್ಕೆಟಿನಲ್ಲಿ ಪಕ್ಕದಲ್ಲಿ ಕೂರುವ ತಿಮ್ಮಿಗೆ ಹೇಳಿ, "ನನ್ನ ರಕ್ತದಲ್ಲಿ ಮೀನೇ ಇಲ್ವಂತೆ ಕಾಣೇ," ಎಂದು ಬುಟ್ಟಿ ತಟ್ಟಿಕೊಂಡು ನಕ್ಕಳು.

ನಗೆ ಅಲ್ಲಿಗೆ ನಿಲ್ಲಲಿಲ್ಲ. ಮಾರ್ಕೆಟಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅದರ ಮುಖ ಬದಲಾಯಿತು. ರಕ್ತದಲ್ಲಿ ಮೀನಿಲ್ಲ ಅಂದರೆ ಹೊಟ್ಟೆಗೆ ಬಿದ್ದಿಲ್ಲ. ಹೊಟ್ಟೆಗೆ ಬಿದ್ದಿಲ್ಲ ಅಂದರೆ ಬಡಿಸುವವಳು ಬಡಿಸಿಲ್ಲ. ಇದಕ್ಕೆ ಸಾಕ್ಷಿಯೂ ಸಿಕ್ಕಿತು. ಹಿಂದಿನ ವರ್ಷ ಅವರ ಮನೆಯ ಊಟಕ್ಕೆ ಹೋಗಿದ್ದ ತಿಮ್ಮಿ, ನಾಗಿಯ ಬಟ್ಟಲಲ್ಲಿ ಕಂಡದ್ದು ಮೀನಿನ ತಲೆ ಮಾತ್ರ. ನಡುವಿನ ತುಂಡೆಲ್ಲ ಮಗನಿಗೆ, ಸೊಸೆಗೆ. ಅಂಗಡಿಗೆ ಹೋಗುವ ಸೊಸೆಗೆ ಅತ್ತೆಯ ಊಟದ ಗೊಡವೆ ಯಾಕೆ?

ಶನಿವಾರದ ಹೊತ್ತಿಗೆ ಸುದ್ದಿ ರೇಖಾಳ ಕಿವಿಗೆ ಬಿತ್ತು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಅವಳ ಮುಂದೆಯೇ ಹೇಳಿದಳು. ಭಾನುವಾರ ಗೋವೆಯಲ್ಲಿ ಮೀನಿನ ಬೋಟಿನ ಕೆಲಸಕ್ಕಿದ್ದ ದಿನಕರ ಪಕ್ಕದ ಮನೆಗೆ ಫೋನು ಮಾಡಿದ. ಅವನಿಗೂ ಯಾರೋ ಮುಟ್ಟಿಸಿದ್ದರು. "ಹೌದೋ ಸುಳ್ಳೋ ನಂಗೆ ಬ್ಯಾಡ," ಎಂದ. "ಸದ್ಯ ಅಂಗಡಿ ಬಿಡು. ಅಮ್ಮನ ಹತ್ರ ಮನೇಲಿರು."

ರೇಖಾ ಸೋಮವಾರ ಟೇಲರ್ ವಿನೋದನಿಗೆ ನಾಳೆಯಿಂದ ಬರುವುದಿಲ್ಲ, ಕೆಲಸ ಬಿಡುತ್ತೇನೆ ಎಂದು ಹೇಳಿದಳು. ಮೆಶಿನ್ನಿಗೆ ಎಣ್ಣೆ ಬಿಟ್ಟು ಮುಸುಕು ಹಾಕಿದಳು. ಅತ್ತೆಗೆ ಹೇಳಲಿಲ್ಲ. ಊರು ಅನ್ನುವುದು ಹೋಗಲಿ, ಅತ್ತೆಯ ಮನಸ್ಸಿನ ಯಾವುದೋ ಮೂಲೆಯಲ್ಲಿ ಅದೇ ಅನುಮಾನ ಇದ್ದರೆ? ಆ ಸಂಜೆ ಬಂಗಡೆ ಸಾರಿನ ಎರಡು ನಡುತುಂಡು ತೆಗೆದು ಅವಳ ಬಟ್ಟಲಿಗೆ ಹಾಕಿದಳು.

ನಾಗಿ ತುಂಡುಗಳನ್ನು ಬೆರಳಲ್ಲಿ ಅತ್ತಿತ್ತ ಮಾಡಿದಳು. "ತಲೆ ಎಲ್ಲೆ?"

"ಇದೇ ತಿನ್ನಿ ಅತ್ತೆ."

"ತಲೆ ಎಲ್ಲೆ ಅಂದ್ರೆ?"

ರೇಖಾಳಿಗೆ ತಡೆಯಲಾಗಲಿಲ್ಲ. ಸೌಟು ಕೈಯಲ್ಲಿದ್ದಂತೆಯೇ ಅತ್ತುಬಿಟ್ಟಳು. ತಿಮ್ಮಿಯ ಮಾತು, ದಿನಕರನ ಫೋನು, ಅಂಗಡಿ ಬಿಟ್ಟದ್ದು, ಎಲ್ಲ ಒಂದೇ ಉಸಿರಿಗೆ ಹೊರಬಂತು. ನಾಗಿ ಕೇಳಿಸಿಕೊಂಡಳು. ತಾನೇ ಎದ್ದು ಗಡಿಗೆಯಿಂದ ತಲೆ ಹಾಕಿಕೊಂಡು ಬಂದು, ಮುಳ್ಳು ಮುಳ್ಳಿನ ಸಂದಿಯನ್ನೂ ಬಿಡದೆ ಚೀಪಿ, ಊಟ ಮುಗಿಸಿ ಕೈ ತೊಳೆದಳು.

"ನಾಳೆ ಹೊನ್ನಾವರಕ್ಕೆ ಹೋಗುವ. ಇದು ಎಂತ ಅಂತ ಗೊತ್ತಾಗ್ಬೇಕು."

ಎರಡನೆಯ ವರದಿಯೂ ಅದೇ ಹೇಳುತ್ತಿತ್ತು. ಸೀಸೆ ಬದಲಾಗಿರಲಿಲ್ಲ. ಆದರೆ ಡಾಕ್ಟರು ಈ ಸಲ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದ್ದರು. ಅದರ ಹಾಳೆ ಹಿಡಿದು ಅವಸರವಿಲ್ಲದೆ ಹೇಳತೊಡಗಿದರು.

"ನೋಡಿ, ಮೈಯೊಳಗೆ ಕಾವಲು ಕಾಯುವವರಿರ್ತಾರೆ. ನಿಮ್ಮ ಮೈಯಲ್ಲಿ ಅವರೇ ದಾರಿ ತಪ್ಪಿದ್ದಾರೆ. ಕುತ್ತಿಗೆಯ ಥೈರಾಯ್ಡಿಗೆ ಹೊಡೆದಿದ್ದಾರೆ. ಕೆಲವರಲ್ಲಿ ಅವರು ಹೊಟ್ಟೆಗೂ ಹೊಡೀತಾರೆ. ಮೀನಿನಿಂದ ಆ ವಿಟಮಿನ್ನು ಹಿಡಿದು ರಕ್ತಕ್ಕೆ ದಾಟಿಸಲಿಕ್ಕೆ ಹೊಟ್ಟೆಯಲ್ಲೊಂದು ವಸ್ತು ಬೇಕು. ನಿಮಗೆ ಅದು ಇಲ್ಲ. ಈ ಎರಡೂ ಕಾಯಿಲೆ ಎಷ್ಟೋ ಸಲ ಒಟ್ಟಿಗೇ ಬರ್ತವೆ. ನೀವು ಮೂರು ಹೊತ್ತು ಮೀನೇ ತಿಂದರೂ ಅದು ರಕ್ತಕ್ಕೆ ಸೇರುವುದಿಲ್ಲ. ಅದಕ್ಕೇ ಇಂಜೆಕ್ಷನ್ನು. ಮೊದಲು ಪದೇ ಪದೇ, ಆಮೇಲೆ ತಿಂಗಳಿಗೊಂದು."

ನಾಗಿ ಮುಂದಕ್ಕೆ ಬಾಗಿದಳು. "ಅಂದ್ರೆ, ನನ್ನ ಸೊಸೆ ಹಾಕ್ದ ಮೀನು ನನ್ನ ಹೊಟ್ಟೆಗೆ ಹೋಗಿದ್ದು ಹೌದು?"

"ಹೋಗಿದ್ದು ಹೌದು."

"ಅವ್ಳ ತಪ್ಪು ಎಂತೂ ಇಲ್ಲ?"

"ಯಾರ ತಪ್ಪೂ ಇಲ್ಲ."

ರೇಖಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಡಾಕ್ಟ್ರೇ, ಇದನ್ನ ಕನ್ನಡದಲ್ಲಿ ಒಂದು ಚೀಟೀಲಿ ಬರ್ದು ಕೊಡ್ತೀರಾ? ಊರಲ್ಲಿ ತೋರ್ಸೂಕೆ."

"ಬ್ಯಾಡ," ಎಂದಳು ನಾಗಿ. "ನನ್ನ ಬಾಯಿ ಇನ್ನೂ ಬಿದ್ದು ಹೋಗ್ಲಿಲ್ಲ."

ಭಟ್ಕಳದಲ್ಲಿ ಬಸ್ಸಿಳಿದ ನಾಗಿ ಮನೆ ಕಡೆಯ ಟೆಂಪೋ ಹತ್ತಲಿಲ್ಲ. ಡಾಕ್ಟರಲ್ಲಿಗೆಂದು ಉಟ್ಟಿದ್ದ ಒಗೆದ ಸೀರೆಯಲ್ಲೇ ಟೇಲರ್ ಅಂಗಡಿಯ ಮೆಟ್ಟಿಲು ಹತ್ತಿ, ಅಷ್ಟು ವರ್ಷದಲ್ಲಿ ಮೊದಲ ಸಲ ಒಳಗೆ ಹೋದಳು. ವಿನೋದ ಟೇಪು ಕೊರಳಿಗೆ ಹಾಕಿಕೊಂಡೇ ಎದ್ದು ನಿಂತ. "ಇವ್ಳು ಬಿಡ್ತೆ ಅಂದದ್ದು ಲೆಕ್ಕಕ್ಕಿಲ್ಲ," ಎಂದಳು ನಾಗಿ. "ನಾಳೆ ಬರ್ತಾಳೆ." ಸೊಸೆಯ ಮೆಶಿನ್ನನ್ನು ಹತ್ತಿರದಿಂದ ಒಮ್ಮೆ ನೋಡಿ, ಮುಟ್ಟದೆ ಹೊರಬಂದಳು. ರಾತ್ರಿ ಮಗನ ಫೋನು ಬಂದಾಗ ಪಕ್ಕದ ಮನೆಗೆ ತಾನೇ ಹೋಗಿ, "ನೀ ಬಲೆ ಎಳಿ. ಮನೆ ಸುದ್ದಿ ನಾ ನೋಡ್ಕಳ್ತೆ," ಎಂದು ಇಟ್ಟುಬಿಟ್ಟಳು.

ಬೆಳಿಗ್ಗೆ ಏಳುತ್ತಲೇ ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಅರ್ಧ ಗಂಟೆ ಚಹಾ ಇಲ್ಲ. ಇಂಜೆಕ್ಷನ್ನಿಗಿಂತ ಈ ಅರ್ಧ ಗಂಟೆಯೇ ನಾಗಿಗೆ ದೊಡ್ಡ ಶಿಕ್ಷೆಯಾಗಿತ್ತು. ಆದರೂ ತಪ್ಪಿಸಲಿಲ್ಲ. ಮೂರನೆಯ ಇಂಜೆಕ್ಷನ್ನು ಭಟ್ಕಳದಲ್ಲೇ ಹಾಕಿಸಿಕೊಂಡು, ಅತ್ತೆ ಸೊಸೆ ಇಬ್ಬರೂ ಮಾರ್ಕೆಟಿಗೆ ಬಂದರು. ಪಾದದ ಜೋಮು ಪೂರ್ತಿ ಬಿಟ್ಟಿರಲಿಲ್ಲ. ದನಿ ಇನ್ನೂ ಒರಟಾಗಿಯೇ ಇತ್ತು. ಡಾಕ್ಟರು ತಿಂಗಳುಗಟ್ಟಲೆ ಹಿಡಿದೀತು ಎಂದಿದ್ದರು.

"ಎಂತ ನಾಗಿ, ಸೂಜಿ ಚುಚ್ಚಿಸ್ಕಂಬುದಂತೆ?" ತಿಮ್ಮಿ ಮೀನಿಗೆ ನೀರು ಚಿಮುಕಿಸುತ್ತ ಕೇಳಿದಳು. ಕಣ್ಣು ರೇಖಾಳ ಮೇಲಿತ್ತು. "ಮನೇಲಿ ಎರಡು ತುಂಡು ಸಮಾ ಹಾಕಿದ್ರೆ ಸೂಜಿ ಎಂತಕ್ಕೆ?"

ಆಚೀಚೆ ಕೂತ ಹೆಂಗಸರು ಇತ್ತ ತಿರುಗಿದರು. ನಾಗಿ ಆ ಒರಟು ದನಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ತಿಮ್ಮಿ, ಬೋಟು ತುಂಬಾ ಮೀನು ಬಂದರ್ ದಕ್ಕೆಗೆ ಬಂತು ಅಂತ ಇಟ್ಕ. ಇಳಿಸೂಕೆ ಒಬ್ಬ ಆಳೂ ಇಲ್ಲ. ಮಾರ್ಕೆಟಿಗೆ ಮೀನು ಬತ್ತದ್ಯಾ?"

"ಇಲ್ಲ."

"ಅದು ಬೋಟಿನವ್ನ ತಪ್ಪಾ?"

ತಿಮ್ಮಿ ನೀರಿನ ಚೊಂಬು ಕೆಳಗಿಟ್ಟಳು.

"ನನ್ನ ಹೊಟ್ಟೆ ಅಂಥ ದಕ್ಕೆ. ಬೋಟು ದಿನಾ ಬಂದಿದೆ, ತುಂಬಿಯೇ ಬಂದಿದೆ. ತಂದವ್ಳು ಇವ್ಳು. ಮತ್ತೆ ತಲೆ ಸುದ್ದಿ. ಅದು ನಾ ಕೇಳಿ ತಿನ್ನುದು. ಗಲ್ಲದ ಮಾಂಸದ ರುಚಿ ಗೊತ್ತಿಲ್ದೆ ನೀ ಮೂವತ್ತು ವರ್ಷ ಎಂತ ಮೀನು ಮಾರ್ದೆ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ತಿಮ್ಮಿಯೂ ನಗಬೇಕಾಯಿತು. "ಆತು ಮಾರಾಯ್ತಿ, ನಾನೇ ಸೋತೆ. ಆದ್ರೂ ಸೊಸೆ ಅಂದ್ಮೇಲೆ ಈ ಹೊತ್ತಲ್ಲಿ ಮನೇಲಿದ್ರೆ..."

ನಾಗಿ ತಲೆಯ ಮೇಲೆ ಸಿಂಬೆ ಇಟ್ಟುಕೊಂಡಳು. ತುಂಬಿದ ಬುಟ್ಟಿಯನ್ನು ಒಬ್ಬಳೇ ಎತ್ತಲಾಗದು. ಎದುರು ನಿಂತು ಕೈ ಕೊಡಲು ಇನ್ನೊಬ್ಬರು ಬೇಕು. ಇಷ್ಟು ವರ್ಷ ಕೈ ಕೊಟ್ಟವಳು ತಿಮ್ಮಿ, ಮಾತಿನ ನಡುವೆಯೂ ಅಭ್ಯಾಸದಿಂದ ಎದ್ದು ಬಂದಳು. ನಾಗಿ ಅವಳನ್ನು ನೋಡದೆ, ಅಂಗಡಿಗೆಂದು ಇಸ್ತ್ರಿ ಸೀರೆ ಉಟ್ಟು ನಿಂತಿದ್ದ ಸೊಸೆಯತ್ತ ಗಲ್ಲ ಎತ್ತಿದಳು. ರೇಖಾ ಚೀಲವನ್ನು ಹೆಗಲಿಗೆ ಸರಿಸಿ, ಬುಟ್ಟಿಯ ಆಚೆ ಬದಿ ಹಿಡಿದು ಎತ್ತಿ ಅತ್ತೆಯ ತಲೆಯ ಮೇಲೆ ಕೂರಿಸಿದಳು. ಮೀನಿನ ನೀರು ಅವಳ ತೋಳಿನುದ್ದಕ್ಕೂ ಇಳಿಯಿತು. ಒರೆಸಿಕೊಳ್ಳಬೇಕು ಅನಿಸಲಿಲ್ಲ.

"ನಾ ಹೇಳಿದ್ದು ಹಂಗಲ್ಲ ನಾಗಿ," ಎಂದಳು ತಿಮ್ಮಿ. "ನಾ ಹೇಳಿದ್ದು ಎಂತಂದ್ರೆ, ಕೇಳ್ ಇಲ್ಲಿ..."

ನಾಗಿ ಆಗಲೇ ರಸ್ತೆ ದಾಟಿದ್ದಳು.