ಕಿಟಕಿಯ ಕಡೆ ಮುಖ ಮಾಡಿ ಕೇಳಿದವರು

ಕಾದಂಬರಿಯೊಂದು ಬರೆದವರ ಮೇಜಿನಿಂದ ಓದುಗರ ಕೈಗೆ ತಲುಪುವ ದಾರಿಯಲ್ಲಿ ಹೆಸರು ಬಯಸದೆ ದುಡಿಯುವವರು ಸಂಪಾದಕರು. ಅಂಥವರಲ್ಲಿ ಅಗ್ರಗಣ್ಯರು, ಈ ತಿಂಗಳು ನಮ್ಮ ಪ್ರಕಾಶನ ಸಂಸ್ಥೆಯಿಂದ ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದಲೂ ಕೊಂಚ ಭಯದಿಂದಲೂ ‘ಪೆನ್ಸಿಲ್ ಮೇಷ್ಟ್ರು’ ಎಂದು ಕರೆಯುವ ಹಿರಿಯರು.

ಪ್ರೂಫ್ ತಿದ್ದುವ ಮೂಲೆಯ ಮೇಜಿನಿಂದ ಪ್ರಧಾನ ಸಂಪಾದಕರ ಕೊಠಡಿಯವರೆಗೆ ಏರಿದರೂ ಅವರು ಒಂದು ಪದ್ಧತಿಯನ್ನು ಬಿಡಲಿಲ್ಲ. ಹಸ್ತಪ್ರತಿಯನ್ನು ಬರೆದವರೇ ಎದುರು ಕೂತು ಗಟ್ಟಿಯಾಗಿ ಓದಬೇಕು. ಮೇಷ್ಟ್ರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಜೆರಾಕ್ಸ್ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುವರು. ಓದುವವರ ದನಿ ಎಲ್ಲಿ ಅವಸರಕ್ಕೆ ಬೀಳುವುದೋ ಅಲ್ಲಿ ಅಂಚಿನಲ್ಲೊಂದು ಗೀಟು. ತಾವೇ ನಂಬದ ಸಾಲನ್ನು ಯಾರೂ ನಿಧಾನವಾಗಿ ಓದಲಾರರು ಎಂಬುದು ಅವರ ಖಚಿತ ನಂಬಿಕೆ. ಆ ಗೀಟಿನ ಸದ್ದಿಗೆ ಬೆವರದ ಲೇಖಕರನ್ನು ನಾವು ಕಂಡಿಲ್ಲ. ಎಳೆದ ಗೀಟನ್ನು ಮೇಷ್ಟ್ರು ಅಳಿಸಿದ್ದನ್ನೂ ಕಂಡಿರಲಿಲ್ಲ.

ಆ ಗೀಟುಗಳನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವರು ‘ವಕೀಲಮ್ಮ’ ಮಾಲೆಯ ಕಾದಂಬರಿಕಾರ್ತಿ. ಮನೆಯಲ್ಲಿ ಕೂತು ಬರೆಯಲು ಜಾಗವಿಲ್ಲವೆಂದು ಹೊಸದರಲ್ಲಿ ಅವರು ಅಳುಕುತ್ತಾ ಹೇಳಿದಾಗ, ಮೇಷ್ಟ್ರು ಗೋದಾಮಿನ ಪಕ್ಕದ ಕೊಠಡಿಯ ಬೀಗದ ಕೈ ಕೊಟ್ಟು, “ಮಕ್ಕಳು ಶಾಲೆಗೆ ಹೋದ್ಮೇಲೆ ಬನ್ನಿ. ಯಾರೂ ಬಾಗಿಲು ತಟ್ಟಲ್ಲ” ಎಂದಿದ್ದರು. ಒಂದೂ ಮೊಕದ್ದಮೆ ಸೋಲದ ವಕೀಲಮ್ಮ ಹುಟ್ಟಿದ್ದು ಆ ಕೊಠಡಿಯಲ್ಲೇ. ಓದುಗರು ಮುಗಿಬಿದ್ದರು, ಮುದ್ರಣದ ಮೇಲೆ ಮುದ್ರಣವಾಯಿತು. ಬರೆದವರಿಗೆ ಮಾತ್ರ ಅದೇ ರಾಗ ಅದೇ ಹಾಡು ಎನಿಸತೊಡಗಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅವರಿಗೆ ತಾನಾಗಿ ಒಂದು ಕಥೆ ಹೊಳೆಯಿತು: ನಿರಪರಾಧಿಯೊಬ್ಬನ ಪರ ವಾದಿಸಿ ವಕೀಲಮ್ಮ ಸೋಲುತ್ತಾಳೆ, ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಸಾಯುತ್ತಾಳೆ. ಸುದ್ದಿ ತಿಳಿದ ಮಾರಾಟ ವಿಭಾಗದ ಮುಖ್ಯಸ್ಥರು ಕೆಂಡವಾದರು. “ವಕೀಲಮ್ಮ ಗೆಲ್ಲದಿದ್ರೆ ಈ ಪುಸ್ತಕಾನೂ ಇಲ್ಲ, ಮಾಲೆನೂ ಇಲ್ಲ. ಅಂಗಡಿಯವ್ರು ನನ್ನ ಹರಿದು ತಿಂತಾರೆ!” ಕಾದಂಬರಿಕಾರ್ತಿಯ ಮನೆಯಲ್ಲಿ ಅತ್ತೆಯದೂ ಅದೇ ಪಾಠ: “ನನ್ನ ವಕೀಲಮ್ಮನಿಗೆ ಏನಾದ್ರೂ ಮಾಡಿದ್ಯೋ, ನೋಡು ಮತ್ತೆ!” ಬಹಳ ದಿನಗಳ ಮೇಲೆ ಜೀವ ತುಂಬಿ ಬರೆದ ಪುಸ್ತಕ ಕೈತಪ್ಪುತ್ತದೆಂಬ ಭಯಕ್ಕೆ, ಅವರು ಗೆಲುವಿನ ಅಂತ್ಯವೊಂದನ್ನೂ ಬರೆದು ಎರಡನ್ನೂ ಹಿಡಿದು ಬಂದರು.

ಕೊಠಡಿಯಲ್ಲಿ ಮುಖ್ಯಸ್ಥರು ಗೋಡೆಗೊರಗಿ ನಿಂತಿದ್ದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಸೋಲಿನ ತೀರ್ಪಿನ ಪುಟ ಬಂದಾಗ ಪೆನ್ಸಿಲ್ ಮಿಸುಕಲಿಲ್ಲ. ಬಳಿಕ ಗೆಲುವಿನ ಅಂತ್ಯ: ಗೀಟು, ಗೀಟು, ಮತ್ತೆ ಗೀಟು. ಕಾದಂಬರಿಕಾರ್ತಿಗೆ ಒಳಗೊಳಗೇ ಸಂತೋಷ. ಗಂಟಲು ಸರಿಪಡಿಸಿಕೊಂಡು ತಮ್ಮ ಪ್ರಾಣವಾಗಿದ್ದ ಸಾವಿನ ಅಂತ್ಯವನ್ನು ಎತ್ತಿಕೊಂಡರು. ಅಲ್ಲಿಯೂ ಪೆನ್ಸಿಲ್ ಸದ್ದು! ಅವರು ಹಾಳೆ ಕೆಳಗಿಟ್ಟರು.

“ಇದು ನನ್ನ ಮನಸ್ಸಿಂದ ಬಂದದ್ದು ಮೇಷ್ಟ್ರೇ!”

“ತೀರ್ಪಿನವರೆಗೂ ಹೌದಮ್ಮ. ಆಮೇಲೆ ಓಡಿದ್ರಿ. ಗೆಲುವನ್ನ ಓದುಗರ ಖುಷಿಗೆ ಬರೆದಿದ್ದೀರಿ, ಸಾವನ್ನ ಓದುಗರ ಮೇಲಿನ ಸಿಟ್ಟಿಗೆ. ಸೋತವಳು ಮಾರನೇ ದಿನ ಏನು ಮಾಡ್ತಾಳೆ? ಅದನ್ನ ಬರೆಯೋಕೆ ನಿಮಗೆ ಹೆದರಿಕೆ.”

ಕಾದಂಬರಿಕಾರ್ತಿಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಹೋಗುವಾಗ ಬಾಗಿಲನ್ನು ದಢಾರನೆ ಎಳೆದುಕೊಂಡ ಸದ್ದು ನಮಗೆಲ್ಲ ಕೇಳಿತು. ಪುಸ್ತಕವನ್ನು ಪ್ರಕಟಣೆಯ ಪಟ್ಟಿಯಿಂದ ತೆಗೆಯಲು ಪಟ್ಟು ಹಿಡಿದ ಮುಖ್ಯಸ್ಥರಿಗೆ ಮೇಷ್ಟ್ರು, “ಕಾಯೋಣ. ಪುಸ್ತಕ ಮಾರಾಟದಲ್ಲಿ ಬಿದ್ರೆ ನಾನು ಈ ಕುರ್ಚಿ ಬಿಡ್ತೀನಿ” ಎಂದರಂತೆ. ಆ ಮಾತು ಕಾದಂಬರಿಕಾರ್ತಿಯ ಕಿವಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ.

ಸಿಟ್ಟು ಇಳಿಯಲು ಕೆಲವು ವಾರಗಳೇ ಬೇಕಾದವು. ಅವರು ಮರಳಿ ತಂದ ಅಧ್ಯಾಯದಲ್ಲಿ, ಸೋತ ವಕೀಲಮ್ಮ ಮರುದಿನ ಜೈಲಿಗೆ ಹೋಗಿ ಆ ನಿರಪರಾಧಿಯ ಎದುರು ಕೂರುತ್ತಾಳೆ. ಹೇಳಲು ಏನೂ ತೋಚದೆ ಕೂರುತ್ತಾಳೆ. ಓದು ಮುಗಿದಾಗ ಅಂಚು ಬೆಳ್ಳಗಿತ್ತು. ಗೋಡೆಗೊರಗಿದ್ದ ಮುಖ್ಯಸ್ಥರು ಮಾತ್ರ ತಡೆಯಲಾರದೆ, “ಮೇಲ್ಮನವಿ ಹಾಕ್ತಾಳೆ ತಾನೆ?” ಎಂದರು.

“ನೋಡಿದ್ರಾ, ಓದುಗರು ಸಿಕ್ಕಿದ್ರು” ಎಂದು ಮೇಷ್ಟ್ರು ನಕ್ಕರು.

ಪುಸ್ತಕ ಮೊದಲು ಕುಂಟುತ್ತಲೇ ಸಾಗಿತು, ಬೈಗುಳದ ಪತ್ರಗಳೂ ಬಂದವು. ಮಾತು ಬಿಟ್ಟಿದ್ದ ಅತ್ತೆಯೇ ಒಂದು ದಿನ ಊಟಕ್ಕೆ ಕೂತಾಗ, “ಮೇಲ್ಮನವಿ ಯಾವಾಗ?” ಎಂದು ಕೇಳಿದರು. ಆ ಹೊತ್ತಿಗೆ ಅಂಗಡಿಗಳಿಂದಲೂ ಅದೇ ಪ್ರಶ್ನೆ ಬರತೊಡಗಿತ್ತು. ಮೇಷ್ಟ್ರ ಕುರ್ಚಿ ಉಳಿಯಿತು.

ಮೇಷ್ಟ್ರ ಬೀಳ್ಕೊಡುಗೆಗೆಂದು ತರುತ್ತಿರುವ ಈ ಸಂಪುಟಕ್ಕೆ ಹಾರೈಕೆಯ ಸಾಲುಗಳನ್ನು ಬರೆಯುವಂತೆ ನಾವು ಕೇಳಿಕೊಂಡದ್ದು ಆ ಕಾದಂಬರಿಕಾರ್ತಿಯನ್ನೇ. ಪದ್ಧತಿಯಂತೆ ಅವರು ಮೊನ್ನೆ ಅವನ್ನು ಮೇಷ್ಟ್ರ ಮುಂದೆ ಓದಿದರು. ಕುರ್ಚಿ ಕಿಟಕಿಯ ಕಡೆ ತಿರುಗಿತ್ತು. ಕೊನೆಗೆ ಬರುವಷ್ಟರಲ್ಲಿ ದನಿ ಓಡತೊಡಗಿತು; ಪೆನ್ಸಿಲ್ ಸದ್ದಾಯಿತು.

“ಹಾರೈಕೇನೇ ಓಡಿಸಿಬಿಟ್ರಲ್ಲಮ್ಮ.”

“ಅಲ್ಲಿ ಸುಳ್ಳಿಲ್ಲ ಮೇಷ್ಟ್ರೇ” ಎಂದರು ಅವರು. “ಅಳು ಬರ್ತಿತ್ತು.”

ಮೇಷ್ಟ್ರು ಕುರ್ಚಿಯನ್ನು ಈ ಕಡೆ ತಿರುಗಿಸಿದರು. ಆಮೇಲೆ ಖಾನೆ ಎಳೆದು ತಡಕಾಡಿ, ರಬ್ಬರ್ ಸಿಗದೆ ಪಕ್ಕದ ಮೇಜಿನವರಿಂದ ಕೇಳಿ ಪಡೆದು, ಆ ಗೀಟನ್ನು ಅಳಿಸಿದರು.

ಆ ಸಾಲುಗಳು ಇಲ್ಲಿವೆ. ಓದುಗರಾದರೂ ನಿಧಾನವಾಗಿ ಓದಿಕೊಳ್ಳಲಿ. “ಮೇಷ್ಟ್ರು ನೂರ್ಕಾಲ ಬಾಳಲಿ. ಅವರ ಮನೆಯ ಕಿಟಕಿಯ ಬಳಿ ಇನ್ನೊಂದು ಕುರ್ಚಿ ಇರಲಿ. ಪೆನ್ಸಿಲ್ ಮೊನಚಾಗಿರಲಿ, ನನ್ನ ಮುಂದಿನ ಕಾದಂಬರಿ ಇನ್ನೂ ಅರ್ಧವೇ ಆಗಿದೆ.”