ಒಂದು ಚೌಕದ ಮುಂದೆ ನಿಂತ ಪೆನ್ನು

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿರಾಕಿಗಳ ಬಟ್ಟೆಯ ಅಳತೆ ತಿದ್ದಿ ಹೊಲಿಯುವ ಕೆಲಸ ಅವಳದು. ಪ್ಯಾಂಟಿನ ಉದ್ದವನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದವಳು, ಆ ವಾರ ಎರಡು ಕೋಟುಗಳ ತೋಳು ಕೆಡಿಸಿ ಮಾಲೀಕಳಿಂದ ಬೈಸಿಕೊಂಡಿದ್ದಳು.

ಬಸ್ ಓಡಿಸುವ ಗಂಡ ಆ ದೇಶದ ಪ್ರಜೆ; ಅವಳು ಹೊರಗಿನವಳು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿಗೆ ಕಾಯಂ ವಾಸಕ್ಕೆ ಅನುಮತಿ ಕೋರುವ ಅರ್ಜಿಯನ್ನು ಅವನೇ ರಜೆಯ ದಿನ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ.

"ಒಬ್ರು ಲಾಯರನ್ನ ಕೇಳೋಣ್ವಾ?" ಎಂದಳು, ಮೂರನೆಯ ಸಲ.

"ಲಾಯರ್ ಯಾಕೆ? ನಮ್ದೇನು ನಾಟಕದ ಮದುವೇನಾ? ಬೇಕಾದ್ರೆ ನಿನ್ನ ಗೊರಕೆಗೆ ನಾನೇ ಸಾಕ್ಷಿ ಹೇಳ್ತೀನಿ."

ಅವಳು ನಗಲಿಲ್ಲ. ಅವನು ಮುಂದಿನ ಪುಟ ಓದಿದ: "ಹಿಂದೆ ಯಾವ್ದಾದ್ರೂ ಅರ್ಜೀಲಿ ಸುಳ್ಳು ಮಾಹಿತಿ ಕೊಟ್ಟಿದ್ದೀರಾ? ಇಲ್ಲ ಅಂತ ಹಾಕ್ತೀನಿ."

"ಹಾಕ್ಬೇಡಿ."

ಪೆನ್ನು ಚೌಕದ ಮೇಲೆಯೇ ನಿಂತಿತು.

ಅವಳ ಮೊದಲ ಮದುವೆ, ಆಮೇಲಿನ ವಿಚ್ಛೇದನ ಅವನಿಗೆ ಗೊತ್ತಿತ್ತು. ಆದರೆ ಆರು ವರ್ಷದ ಹಿಂದೆ, ವಿಚ್ಛೇದನ ಇನ್ನೂ ಕೋರ್ಟಿನಲ್ಲಿದ್ದಾಗಲೇ, ವೀಸಾ ಅರ್ಜಿಯಲ್ಲಿ ಏಜೆಂಟ್ 'ಅವಿವಾಹಿತೆ' ಎಂದು ಬರೆದದ್ದು ಗೊತ್ತಿರಲಿಲ್ಲ. "ನಾನು ಓದಿ, ಗೊತ್ತಿದ್ದೇ ಸಹಿ ಹಾಕಿದೆ," ಎಂದಳು.

"ಇಷ್ಟು ದಿನ ಬಾಯಿ ಹೊಲ್ಕೊಂಡಿದ್ಯಾ?"

"ನೀವು ಎದ್ದು ಹೋಗ್ತೀರಾ ಅಂತ ಹೆದರಿಕೆ."

ಅವನು ನಿಜಕ್ಕೂ ಎದ್ದು ಹೋದ. ಮೆಟ್ಟಿಲಿಳಿದ ಸದ್ದು ಕೇಳಿತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೂ ಒಲೆ ಆರಿಸಬೇಕೆಂಬುದು ಅವಳಿಗೆ ತೋಚಲಿಲ್ಲ. ಅರ್ಧ ಗಂಟೆಯ ಮೇಲೆ ಬಂದವನೇ ಬಾಗಿಲಲ್ಲೇ ನಿಂತು, "ಇಲ್ಲ ಅಂತ ಹಾಕಿದ್ರೆ ಯಾರು ಹುಡುಕ್ತಾರೆ?" ಎಂದ.

"ಅಂಥ ಸಹಿ ಇನ್ನೊಂದು ನಾನು ಹಾಕಲ್ಲ. ಈ ಸಲ ನಿಮ್ಮ ಸಹಿನೂ ಇರುತ್ತಲ್ಲ!"

ಅವನು ಮೇಜಿನ ಹತ್ತಿರ ಬಂದು ಪೆನ್ನಿನ ಮುಚ್ಚಳ ಹಾಕಿದ.

ಮರುವಾರ ಇಬ್ಬರೂ ಹೋಗಿ ಕಂಡ ವಕೀಲೆ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಳು. "ಕಳಿಸೋಕೆ ಮುಂಚೆ ಬಂದ್ರಿ, ಒಳ್ಳೇದಾಯ್ತು. ಹಳೇ ಫೈಲು ವಲಸೆ ಇಲಾಖೆಯವರ ಹತ್ರ ಇರುತ್ತೆ. ತಪ್ಪು ಒಪ್ಕೊಂಡು ಕ್ಷಮೆ ಕೇಳೋ ಅರ್ಜಿನೂ ಜೊತೆಗೆ ಹಾಕೋಣ. ಆಗೇ ಆಗುತ್ತೆ ಅಂತ ಮಾತ್ರ ಮಾತು ಕೊಡಲ್ಲ."

ಹದಿನಾಲ್ಕು ತಿಂಗಳು ಕಾದರು. ಸಂದರ್ಶನದಲ್ಲಿ ಅಧಿಕಾರಿ ಹಳೆಯ ಹಾಳೆಯನ್ನೇ ಅವಳ ಮುಂದಿಟ್ಟ. "ಸಹಿ ನನ್ನದೇ. ಬರೆದದ್ದು ಸುಳ್ಳು," ಎಂದಳು. ಪಕ್ಕದಲ್ಲಿದ್ದ ಗಂಡ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

ಕೊನೆಗೊಂದು ಮಧ್ಯಾಹ್ನ ಅವನು ಸಮವಸ್ತ್ರದಲ್ಲೇ ಅಂಗಡಿಗೆ ನುಗ್ಗಿದ. "ಬಂತು ಕಣೇ, ಕೊಟ್ರು!" ಗಿರಾಕಿಯೊಬ್ಬರ ಪ್ಯಾಂಟಿನ ಅಂಚು ಮಡಿಸುತ್ತಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅವಳಿಗೆ ಉತ್ತರಿಸಲಾಗಲಿಲ್ಲ. ಒಂದೊಂದಾಗಿ ತೆಗೆದಿಟ್ಟು, ಗಿರಾಕಿಯ ಕಾಲ ಬುಡದಲ್ಲೇ ನೆಲಕ್ಕೆ ಕುಸಿದು ಕೂತಳು.