ಡೊಳ್ಳಿಗೆ ಡಿಜೆ ಬೆಂಬಲ

ಸ್ನೇಹಿತರೇ, ಜಾಲಹಳ್ಳಿಯಲ್ಲಿ ನಾವು ನಾಲ್ಕು ಜನ ಸೇರಿ ಇಂದು ನಡೆಸಿದ ಬುಡಕಟ್ಟು ಕಲೆಗಳ ಹಬ್ಬಕ್ಕೆ ಬೆಂಬಲವೋ ಬೆಂಬಲ. ಊರಿನವರು ಮನೆಮನೆಯಿಂದ ರೊಟ್ಟಿ ತಂದರು. ಮಾನ್ವಿಯ ಅಕ್ಕಿ ವ್ಯಾಪಾರಿಯೊಬ್ಬರು ಕೇಳದೆಯೇ ಡಿಜೆ ತಂದರು.

ಡೊಳ್ಳು ಕಟ್ಟಿಕೊಂಡು ನಿಂತಿದ್ದ ಮುದುಕ ತಿಪ್ಪಣ್ಣನಿಗೆ ಅವರು, "ಯಪ್ಪಾ, ನೀ ಸುಮ್ನ ಕೈ ಆಡ್ಸು, ಸೌಂಡ್ ನಮ್ದು" ಎಂದರು.

"ಹಂಗಾದ್ರ ಡೊಳ್ಳು ಯಾಕ್ರೀ ಸಾವ್ಕಾರ್ರ?"

"ಫೋಟೋಕ್ಕ ಬೇಕಲ್ಲ!"

ಡಿಜೆ ಅಬ್ಬರ ಶುರುವಾದ ಐದೇ ನಿಮಿಷಕ್ಕೆ ಕರೆಂಟು ಹೋಯಿತು. ಆಮೇಲೆ ತಿಪ್ಪಣ್ಣ ಎರಡು ತಾಸು ಬಾರಿಸಿದ, ಊರಿಗೆ ಊರೇ ಕುಣಿಯಿತು. ಸಾಹುಕಾರರು ಮಾತ್ರ ಜನರೇಟರ್‌ಗಾಗಿ ಫೋನ್ ಮಾಡುತ್ತಲೇ ಇದ್ದರು.

ಹಬ್ಬಕ್ಕೆ ಹೆಚ್ಚು ನೆರವಾದವರಿಗೆ ಹೊದಿಸಲೆಂದು ತಂದ ಶಾಲು ಇನ್ನೂ ನನ್ನ ಬಳಿಯೇ ಇದೆ. ಹೋದ ಕರೆಂಟಿಗೆ ಅದನ್ನು ಹೊದಿಸುವುದು ಹೇಗೆ, ಯಾರಾದರೂ ಹೇಳಿ.